ಕುದುರೆಮನೆಯ ಅರ್ಧ ಕೌದಿ

ಆ ಊರಿಗೆ ದಾರಿ ಯಾವುದು ಅಂತ ನನ್ನನ್ನು ಕೇಳಬೇಡಿ. ನಾನು ಹೋದಾಗಲೆಲ್ಲ ಕಣ್ಣು ಮುಚ್ಚಿಕೊಂಡೇ ಹೋಗಿದ್ದೇನೆ. ಊರೇನೋ ಎಲ್ಲ ಊರುಗಳ ಹಾಗೇ ಇದೆ. ಮನೆ ಮುಂದೆ ಅಂಗಳ, ಅಂಗಳದಲ್ಲಿ ಕೋಳಿ, ಕೋಳಿಯ ಹಿಂದೆ ಬೈದುಕೊಂಡು ಓಡುವ ಅತ್ತೆ. ಕಟ್ಟಳೆ ಒಂದು ಮಾತ್ರ ಬೇರೆ. ಅಲ್ಲಿ ಯಾರು ಯಾವ ಕೌದಿ ಹೊದ್ದು ಮಲಗುತ್ತಾರೋ ಆ ಕೌದಿಯ ಮೇಲೆ ಹೊಲಿದದ್ದೇ ಅವರಿಗೆ ಕನಸಾಗಿ ಬರುತ್ತದೆ. ಹಸು ಹೊಲಿದಿದ್ದರೆ ಹಸು. ಮಾವಿನ ಮರ ಹೊಲಿದಿದ್ದರೆ ಮಾವಿನ ಮರ. ಹಿಂದೊಮ್ಮೆ ಒಬ್ಬ ಸೋಮಾರಿ ಅಳಿಯ ಏನೂ ಹೊಲಿಯದ ಬೋಳು ಕೌದಿ ಹೊದ್ದುಕೊಂಡು, ಬೆಳಗಾಗುವ ತನಕ ಬೋಳು ಬಯಲಿನಲ್ಲಿ ನಡೆದೂ ನಡೆದೂ ಕಾಲು ಊದಿಸಿಕೊಂಡು ಎದ್ದನಂತೆ. ಅಂದಿನಿಂದ ಬೋಳು ಕೌದಿಯನ್ನು ಯಾರೂ ಹೊದೆಯುವುದಿಲ್ಲ.

ಊರಿಗೆಲ್ಲ ಇರುವ ಕಥೆಯೂ ಒಂದೇ. ಅದನ್ನು ಮೊದಲು ಹೊಲಿದವಳು ಹಿರಿಯಜ್ಜಿ. ಅವಳ ದೊಡ್ಡ ಕೌದಿ ಚಾವಡಿಯ ಗೋಡೆಯ ಮೇಲೆ ತೂಗುತ್ತಿದೆ, ಅದನ್ನು ಕಾಯಲು ಒಬ್ಬ ಕಾವಲಜ್ಜ ಇದ್ದಾನೆ. ಕೌದಿಯಲ್ಲಿ ಚೌಕ ಚೌಕವಾಗಿ ಕಥೆ ನಡೆಯುತ್ತದೆ. ಮೊದಲ ಚೌಕದಲ್ಲಿ ನದಿಯ ದಂಡೆಯ ಮೇಲೆ ಒಬ್ಬ ಹುಡುಗಿ. ಆಮೇಲೆ ಅವಳನ್ನು ದಿನವೂ ಆಚೆ ದಡಕ್ಕೆ ದಾಟಿಸುವ ದೋಣಿಯವನು. ಆಮೇಲೆ ದೂರದಿಂದ ಬರುವ ಕುದುರೆಯವನು. ಹುಡುಗಿ ಜ್ವರ ಬಂದು ಮಲಗಿದಾಗ ಕುದುರೆಯವನು ಬೆಟ್ಟದಾಚೆಯಿಂದ ಔಷಧದ ಬೇರು ತರುತ್ತಾನೆ. ಕೊನೆಯ ಚೌಕದಲ್ಲಿ ಹುಡುಗಿ ಅವನ ಕೊರಳಿಗೆ ಹಾರ ಹಾಕುತ್ತಾಳೆ. ಅಷ್ಟು ಹೊಲಿದು, ಹಲ್ಲಿನಲ್ಲಿ ದಾರ ಕಡಿದು, ಹಿರಿಯಜ್ಜಿ ಅದೇ ಕೌದಿ ಹೊದ್ದು ಮಲಗಿದಳು. ಮತ್ತೆ ಏಳಲಿಲ್ಲ. ಏನಾದರೂ ಕೇಳೋಣವೆಂದರೆ ಕೇಳುವುದು ಯಾರನ್ನು?

ತಂಟೆ ಹುಟ್ಟಿದ್ದು ನಡುವಿನ ಒಂದು ಪುಟ್ಟ ಚೌಕದಿಂದ. ಹುಡುಗಿ ತಲೆಯ ಮೇಲೆ ಕೊಡ ಹೊತ್ತು ದೋಣಿ ಇಳಿಯುತ್ತಿದ್ದಾಳೆ. ದೋಣಿಯವನು ತನ್ನ ರುಮಾಲು ಬಿಚ್ಚಿ, ಸುತ್ತಿ, ಸಿಂಬಿ ಮಾಡಿ, ಅವಳ ತಲೆ ನೋಯದಿರಲೆಂದು ಕೊಡದ ಕೆಳಗೆ ಇಡುತ್ತಿದ್ದಾನೆ. ಅಷ್ಟೇ. ಮುಂದೆ ಇಡೀ ಕಥೆಯಲ್ಲಿ ಅವನು ಹುಟ್ಟು ಹಾಕುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಆದರೆ ಆ ಸಿಂಬಿಗೆ ಅರ್ಧ ಊರು ಮನಸೋತಿತು. ಅವರು ತಮ್ಮ ತಮ್ಮ ಮನೆಯ ಕೌದಿಗಳಲ್ಲಿ ಹುಡುಗಿಯನ್ನು ದೋಣಿಯವನಿಗೇ ಮದುವೆ ಮಾಡಿಸಿದರು. ಅವು ದೋಣಿಮನೆಗಳಾದವು. ಹಿರಿಯಜ್ಜಿ ಹೊಲಿದ ಹಾಗೇ ಹೊಲಿಯುವವರ ಮನೆಗಳು ಕುದುರೆಮನೆಗಳಾದವು.

ಇಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಊರ ಕೊನೆಯ ಓಣಿಯಲ್ಲಿ ಕುದುರೆಯವನನ್ನೂ ದೋಣಿಯವನನ್ನೂ ಒಂದೇ ಮರದ ಕೆಳಗೆ ಕೂರಿಸಿ ಕೈ ಕೈ ಹಿಡಿಸಿದವರಿದ್ದರು. ಬಲು ಒಳ್ಳೆಯ ಜನ, ಅವರ ಮನೆಯ ಉಪ್ಪಿನಕಾಯಿಗೆ ಎರಡೂ ಕಡೆಯವರು ಸಾಲು ನಿಲ್ಲುತ್ತಿದ್ದರು. ಇನ್ನೊಬ್ಬ ಮುದುಕಿ ಹುಡುಗಿಯನ್ನು ಯಾರ ಜೊತೆಗೂ ಹೊಲಿಯದೆ, ದಂಡೆಯ ಮೇಲೆ ಒಬ್ಬಳನ್ನೇ ಕಡಲೆ ತಿನ್ನುತ್ತಾ ಕೂರಿಸಿದ್ದಳು. ಊರಲ್ಲೆಲ್ಲ ಗಡದ್ದಾಗಿ ನಿದ್ದೆ ಮಾಡುತ್ತಿದ್ದವಳು ಅವಳೇ.

ಈಗ ನಮ್ಮ ಕುದುರೆಮನೆಯವ್ವನ ಮಾತಿಗೆ ಬರೋಣ. ಕುದುರೆಮನೆಗಳು ಬೇಕಾದಷ್ಟಿದ್ದರೂ ಊರವರು ಆ ಹೆಸರಿನಿಂದ ಕರೆಯುತ್ತಿದ್ದದ್ದು ಇವಳೊಬ್ಬಳನ್ನೇ. ಬಾಯಿ ಅಂದರೆ ಬಾಯಿ. ಬಾವಿಕಟ್ಟೆಯ ಮೇಲೆ ಇವಳು ನಿಂತರೆ ದೋಣಿಯವರು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗುತ್ತಿದ್ದರು. ಎದುರು ನಿಲ್ಲುತ್ತಿದ್ದವಳು ಒಬ್ಬಳೇ, ದೋಣಿಮನೆಯವ್ವ. ಇಬ್ಬರೂ ಲಂಗ ಹಾಕುವ ಕಾಲದಿಂದ ಅದೇ ಬಾವಿಯಲ್ಲಿ ನೀರು ಸೇದಿದವರು, ಆಗಿನಿಂದ ಅದೇ ಜಗಳ ಆಡಿದವರು.

"ಕಡೀ ಚೌಕದಾಗ ಹಾರ ಯಾರ ಕೊಳ್ಳಾಗ ಬಿದ್ದೈತಿ? ಕುದುರಿಯವನ ಕೊಳ್ಳಾಗ. ಹಿರೇಜ್ಜಿನೇ ಹೊಲದಾಳ. ಮುಗೀತಲ್ಲ!" ಅನ್ನುತ್ತಿದ್ದಳು ಕುದುರೆಮನೆಯವ್ವ.

"ಹಾರ ಕೊಳ್ಳಾಗ ಇರ್ತೈತಿ, ಸಿಂಬಿ ತಲೀ ಮ್ಯಾಲ ಇರ್ತೈತಿ. ಯಾವ್ದು ಮ್ಯಾಲ, ಯಾವ್ದು ಕೆಳಗ, ನೀನ ಹೇಳು," ಅನ್ನುತ್ತಿದ್ದಳು ದೋಣಿಮನೆಯವ್ವ. "ಮತ್ತ ದೋಣಿಯವನ ಕಣ್ಣಿಗೆ ಅಜ್ಜಿ ಎರಡೆಳಿ ದಾರ ಹಾಕ್ಯಾಳ. ಕುದುರಿಯವಗ ಒಂದ ಎಳಿ. ಮನಸ್ಸು ಎಲ್ಲಿತ್ತು ಆಕೀದು?"

"ದಾರ ತೆಳ್ಳಗಿತ್ತು, ಅದಕ್ಕ ಎರಡೆಳಿ ಹಾಕ್ಯಾಳ! ನಿನ್ನ ತಲಿ!"

ಎರಡೆಳೆಯೋ ಒಂದೆಳೆಯೋ ಹತ್ತಿರ ಹೋಗಿ ನೋಡಿಕೊಂಡು ಬಾ ಅಂತ ಕುದುರೆಮನೆಯವ್ವ ತನ್ನ ಮಗಳನ್ನು ಚಾವಡಿಗೆ ಕಳಿಸಿದಳು. ಅದೇ ಕೆಲಸಕ್ಕೆ ದೋಣಿಮನೆಯವ್ವ ತನ್ನ ಮಗನನ್ನು ಕಳಿಸಿದಳು. ಇಬ್ಬರೂ ದೊಡ್ಡ ಕೌದಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. ಮರುದಿನವೂ ನೋಡಿದರು. ಆಮೇಲೆ ದಿನವೂ ನೋಡತೊಡಗಿದರು. ಎಳೆ ಎಷ್ಟಿದ್ದವು ಅಂತ ಇಬ್ಬರೂ ಮನೆಗೆ ಬಂದು ಹೇಳಲೇ ಇಲ್ಲ. ಕಾವಲಜ್ಜ ಮಾತ್ರ ಮೀಸೆಯಲ್ಲೇ ನಗುತ್ತಿದ್ದ. ತಾಯಂದಿರಿಗೆ ಗೊತ್ತಾಗುವ ಹೊತ್ತಿಗೆ ಮಕ್ಕಳಿಬ್ಬರೂ ಮದುವೆಯಾದರೆ ಒಬ್ಬರನ್ನೊಬ್ಬರೇ ಅಂತ ಕೂತುಬಿಟ್ಟಿದ್ದರು.

ಆ ಊರಲ್ಲಿ ಮದುವೆಗೊಂದು ಪದ್ಧತಿ ಇದೆ. ಗಂಡ ಹೆಂಡತಿ ಒಂದೇ ಕೌದಿ ಹೊದೆಯಬೇಕು. ಅದರ ಅರ್ಧವನ್ನು ಹೆಣ್ಣಿನ ತಾಯಿ ಹೊಲಿಯುತ್ತಾಳೆ, ಅದರಲ್ಲಿ ಹುಡುಗಿ ಇರುತ್ತಾಳೆ. ಇನ್ನರ್ಧವನ್ನು ಗಂಡಿನ ತಾಯಿ ಹೊಲಿಯುತ್ತಾಳೆ, ಅದರಲ್ಲಿ ಗಂಡಸು ಇರುತ್ತಾನೆ. ಒಬ್ಬರಿಗೊಬ್ಬರು ತೋರಿಸುವಂತಿಲ್ಲ, ಹೇಳುವಂತಿಲ್ಲ. ಕೂಡಿಸುವ ದಿನ ಚಾವಡಿಯಲ್ಲಿ ಎರಡನ್ನೂ ಪಕ್ಕ ಪಕ್ಕ ಹಾಸುತ್ತಾರೆ. ಹುಡುಗಿಯ ನೋಟವೂ ಗಂಡಸಿನ ನೋಟವೂ ಕೂಡಬೇಕು. ಕುದುರೆಯವನು ಎತ್ತರದಲ್ಲಿ ಕೂತವನು, ಅವನು ಕೆಳಗೆ ನೋಡುತ್ತಾನೆ, ಹುಡುಗಿ ತಲೆಯೆತ್ತುತ್ತಾಳೆ. ದೋಣಿಯವನು ನೀರಿನ ಮಟ್ಟಕ್ಕೆ ಕೂತವನು, ಅವನು ಮೇಲೆ ನೋಡುತ್ತಾನೆ, ಹುಡುಗಿ ದಂಡೆಯಿಂದ ತಲೆ ಬಗ್ಗಿಸುತ್ತಾಳೆ. ನೋಟ ಕೂಡಿದರೆ ಕೌದಿ, ಕೌದಿ ಕೂಡಿದರೆ ಮದುವೆ. ಕೂಡದಿದ್ದರೆ ಅವರವರ ಅರ್ಧ ಸುತ್ತಿಕೊಂಡು ಅವರವರ ಮನೆಗೆ. ಚಾವಡಿಗೆ ತಂದದ್ದನ್ನು ಬಿಚ್ಚಿ ಮತ್ತೆ ಹೊಲಿಯುವಂತಿಲ್ಲ. ಅದಕ್ಕೇ ಕುದುರೆಯವರು ಕುದುರೆಯವರಲ್ಲೇ ಹೆಣ್ಣು ಕೊಡುತ್ತಿದ್ದರು, ದೋಣಿಯವರು ದೋಣಿಯವರಲ್ಲೇ ತರುತ್ತಿದ್ದರು.

"ಹೊಲಿ ಅಂದ್ರ ಹೊಲೀತೀನಿ," ಅಂದಳು ಕುದುರೆಮನೆಯವ್ವ ಮಗಳಿಗೆ. "ನನಗ ತಿಳದದ್ದು ಹೊಲೀತೀನಿ. ಹುಡುಗಿ ಮ್ಯಾಲ ನೋಡ್ತಾಳ. ಆ ಕಡಿಯಾಕಿ ಕುದುರಿಯವನ್ನ ಹೊಲದ್ರ ಛಲೋ. ಇಲ್ಲಂದ್ರ ನನ್ನ ತಪ್ಪಲ್ಲ."

ಮಗಳು ಹೋಗಿ ಹಳೆಯ ಬಟ್ಟೆಯ ಗಂಟು ಬಿಚ್ಚಿದಳು.

ಹಳೆಯ ಸೀರೆ, ಹಳೆಯ ಧೋತರ, ಅಪ್ಪನ ತೋಳು ಹರಿದ ಅಂಗಿ ಎಲ್ಲ ತೊಳೆದು ಒಣಗಿಸಿದ್ದಾಯಿತು. ಕುದುರೆಮನೆಯವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಳು. ಸೂಜಿ ಇಳಿಯಿತು, ಸೂಜಿ ಏರಿತು. ದಂಡೆ ಬಂತು, ದಂಡೆಯ ಮೇಲೆ ಹುಲ್ಲು ಬಂತು, ಹುಲ್ಲಿನ ಮೇಲೆ ಹುಡುಗಿಯ ಪಾದ ಬಂತು. ಎದುರಿಗೆ ಮಗಳು ಕೂತು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಡುತ್ತಿದ್ದಳು. ತನ್ನ ಮದುವೆ ಮುರಿಯುವ ಹೊಲಿಗೆಗೆ ತಾನೇ ದಾರ ಪೋಣಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಒಮ್ಮೆಯೂ ದಾರ ತಡಮಾಡಿ ಕೊಡಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದಳು.

"ಯವ್ವಾ, ಒಂದು ಕೇಳ್ಲಾ?" ಅಂದಳು ಮಗಳು ಒಂದು ದಿನ.

"ಕೇಳು."

"ನೀ ದೋಣಿಯವನ್ನ ಎಂದಾರ ಕನಸಿನ್ಯಾಗ ಕಂಡೀಯೇನು? ಸಿಂಬಿ ಇಡೂದನ್ನ?"

"ನಾ ಯಾಕ ಕಾಣ್ಲಿ ಅವನ್ನ! ನನ್ನ ಕೌದಿ ಮ್ಯಾಲ ಅಂವ ಬರೇ ದೋಣಿ ದಬ್ಬತಾನ."

"ಹಂಗಾರ ಕಾಣದನ ಬೈತೀಯಲ್ಲ," ಅಂದು ಮಗಳು ಇನ್ನೊಂದು ಸೂಜಿಗೆ ದಾರ ಪೋಣಿಸಿದಳು.

ಅಂದು ಅವ್ವ ಮುಂದೆ ಹೊಲಿಯಲಿಲ್ಲ, ಸೂಜಿ ಚುಚ್ಚಿಟ್ಟು ಎದ್ದಳು. ಮರುದಿನ ಮಧ್ಯಾಹ್ನ ಮಗಳು ಬಾವಿಗೆ ಹೋದಳು. ಅಪ್ಪ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವ್ವ ಬಾಗಿಲು ಮುಂದೆ ಮಾಡಿ, ಕತ್ತರಿ ತೆಗೆದು, ಹುಡುಗಿಯ ಮುಖವನ್ನು ಬಿಚ್ಚಿದಳು. ಅಯ್ಯೋ, ಎಷ್ಟು ಚಂದದ ಮುಖ, ಮೇಲೆತ್ತಿದ ಗಲ್ಲ! ಬಿಚ್ಚುವಾಗ ಅವಳಿಗೆ ಅಳುವೇ ಬಂತು. ಹಿರಿಯಜ್ಜಿ ಹೊಲಿದದ್ದನ್ನು ಬಿಟ್ಟು ಬೇರೆ ಹೊಲಿಯುವುದೆಂದರೆ ಅವಳಿಗೆ ಸುಳ್ಳು ಹೇಳಿದಷ್ಟೇ ಕಷ್ಟ. ಆದರೂ ಸೂಜಿ ಇಳಿಯಿತು, ಸೂಜಿ ಏರಿತು. ಹುಡುಗಿಯ ತಲೆ ಬಗ್ಗಿತು. ತಲೆಯ ಮೇಲೆ, ಕೊಡದ ಕೆಳಗೆ, ಒಂದು ಪುಟ್ಟ ಸಿಂಬಿ ಕೂತಿತು. ಸಿಂಬಿಗೆ ಅವಳು ಎರಡೆಳೆ ದಾರ ಹಾಕಿದಳು. ಯಾಕೆ ಹಾಕಿದೆ ಅಂತ ತನ್ನನ್ನು ತಾನೇ ಬೈದುಕೊಂಡಳು.

ಬೈದುಕೊಳ್ಳುತ್ತಲೇ ತೂಕಡಿಸಿದಳು. ಅರ್ಧ ಕೌದಿ ತೊಡೆಯ ಮೇಲೇ ಇತ್ತು.

ಕನಸಿನಲ್ಲಿ ಅವಳು ದಂಡೆಯ ಮೇಲೆ ನಿಂತಿದ್ದಳು, ತಲೆಯ ಮೇಲೆ ಭಾರ. ಕೆಳಗೆ ದೋಣಿ ಬಂತು. ಆ ಅರ್ಧದಲ್ಲಿ ದೋಣಿಯವನನ್ನು ಹೊಲಿದಿರಲಿಲ್ಲ, ಹಾಗಾಗಿ ಅವನು ಕಾಣಲಿಲ್ಲ. ಸಿಂಬಿ ಇಡುವ ಎರಡು ಕೈ ಮಾತ್ರ ಬಂದವು. ಆ ಕೈ ರುಮಾಲು ಸುತ್ತಿತು, ಕೊಡ ಎತ್ತಿತು, ಸಿಂಬಿ ಇಟ್ಟಿತು, ಕೊಡ ಇಳಿಸಿತು. ಭಾರ ಅಷ್ಟೇ ಇತ್ತು, ನೋವು ಮಾತ್ರ ಇರಲಿಲ್ಲ. ಕೈ ಏನನ್ನೂ ಕೇಳಲಿಲ್ಲ, ಹುಟ್ಟು ಹಿಡಿದು ಹೊರಟುಹೋಯಿತು.

ಎದ್ದಾಗ ಕಣ್ಣು ಒದ್ದೆಯಾಗಿತ್ತು. ಜಗಲಿಯಿಂದ ಒಳಗೆ ಬಂದ ಗಂಡ ಕೇಳಿದ, "ಯಾಕ, ಏನಾತು?"

"ಏನಿಲ್ಲ. ದಾರದ ಧೂಳು ಕಣ್ಣಾಗ ಬಿತ್ತು."

"ಹಂಗಾರ ಮುಖ ತೊಳಕೋ. ಯಾರ ಯಾರನ್ನ ಲಗ್ನ ಆದರೂ ಅಷ್ಟ ಐತಿ. ನನ್ನ ಕನಸಿನ್ಯಾಗ ನಾ ಯಾವತ್ತೂ ಕುದುರಿಗೆ ಹುಲ್ಲು ಹಾಕ್ಕೋತನ ಇರ್ತೀನಿ," ಅಂದು ಅವನು ನೀರು ಕುಡಿದು ಹೋದ.

ಬದಲಿಸಿದ್ದನ್ನು ಅವ್ವ ಮಗಳಿಗೂ ತೋರಿಸದೆ ಸುತ್ತಿಟ್ಟಳು. ಕೂಡಿಸುವ ದಿನ ಬಂತು. ಚಾವಡಿ ಕಿಕ್ಕಿರಿದಿತ್ತು. ಕುದುರೆಯವರು ಬಲಕ್ಕೆ, ದೋಣಿಯವರು ಎಡಕ್ಕೆ, ಕೊನೆಯ ಓಣಿಯವರು ಉಪ್ಪಿನಕಾಯಿ ಭರಣಿ ಸಮೇತ ಬಾಗಿಲಲ್ಲಿ. ಒಬ್ಬಂಟಿ ಹುಡುಗಿಯ ಮುದುಕಿಯೂ ಬಂದಿದ್ದಳು, ಕಡಲೆ ತಿನ್ನುತ್ತಿದ್ದಳು. ಮದುವೆ ಮುರಿಯುವುದು ಖಚಿತ ಅಂತ ಎಲ್ಲರ ಮುಖದಲ್ಲೂ ಬರೆದಿತ್ತು. ಮದುಮಗಳು ನೆಲ ನೋಡುತ್ತಿದ್ದಳು. ಮದುಮಗ ಅವಳನ್ನು ನೋಡುತ್ತಿದ್ದ. ಕುದುರೆಮನೆಯವ್ವನೊಬ್ಬಳೇ ಒಳಗೊಳಗೆ ನಗುತ್ತಿದ್ದಳು. ತಡೀರಿ, ಈಗ ನೋಡ್ರಿ, ಅಂತ. ತನ್ನ ಸೋಲನ್ನು ಇಷ್ಟು ಖುಷಿಯಿಂದ ಕಂಕುಳಲ್ಲಿ ಇಟ್ಟುಕೊಂಡು ಬಂದವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ. ಎದುರಿಗೆ ದೋಣಿಮನೆಯವ್ವನೂ ಯಾಕೋ ಸೆರಗು ಬಾಯಿಗೆ ಹಿಡಿದು ನಗು ಅದುಮಿಕೊಂಡಿದ್ದಳು.

"ಹಾಸ್ರಿ," ಅಂದ ಕಾವಲಜ್ಜ.

ಇಬ್ಬರೂ ಹಾಸಿದರು.

ಒಂದು ಅರ್ಧದಲ್ಲಿ ತಲೆಯ ಮೇಲೆ ಸಿಂಬಿ ಹೊತ್ತ ಹುಡುಗಿ ದಂಡೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದಳು. ಇನ್ನೊಂದು ಅರ್ಧದಲ್ಲಿ ಕುದುರೆಯ ಮೇಲೆ ಕೂತವನೊಬ್ಬ, ಕೈಯಲ್ಲಿ ಔಷಧದ ಬೇರು ಹಿಡಿದು, ಅವನೂ ಕೆಳಗೆ ನೋಡುತ್ತಿದ್ದ.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಚಾವಡಿಯೆಲ್ಲ ಗೊಳ್ಳೆಂದಿತು.

"ಏ, ಇದೇನ್ ಮಾಡೀ ನೀ? ಕುದುರಿಯವನ್ನ ಯಾಕ ಹೊಲದಿ?" ಕುದುರೆಮನೆಯವ್ವ ಕಿರುಚಿದಳು.

"ನೀ ಏನ್ ಮಾಡೀ? ಸಿಂಬಿ ಯಾಕಿಟ್ಟಿ?" ದೋಣಿಮನೆಯವ್ವ ಅದಕ್ಕಿಂತ ಜೋರಾಗಿ ಕಿರುಚಿದಳು. "ನಿನ್ನ ಮಗಳ ಸಲುವಾಗಿ ನಾ ನನ್ನ ಹಟ ಬಿಟ್ಟೆ!"

"ನಿನ್ನ ಮಗನ ಸಲುವಾಗಿ ನಾ ಬಿಟ್ಟೆ! ಒಂದ ಮಾತು ಹೇಳಬಾರದಾಗಿತ್ತೇನ?"

"ಹೇಳೂ ಹಂಗಿಲ್ಲಲ್ಲ ತಾಯಿ!"

ನಗು ನಿಂತಿತು. ಕಾವಲಜ್ಜ ಮೊಣಕಾಲೂರಿ, ಎರಡೂ ಅರ್ಧಗಳ ಮೇಲೆ ಬಗ್ಗಿ, ಬೆರಳಿನಿಂದ ನೋಟದ ದಾರಿ ಹಿಡಿದು ನೋಡಿದ. ತಲೆ ಅಲ್ಲಾಡಿಸಿದ. "ನೋಟ ಕೂಡವಲ್ಲವು. ಆಕೀನೂ ಕೆಳಗ ನೋಡ್ತಾಳ, ಅಂವನೂ ಕೆಳಗ ನೋಡ್ತಾನ. ನಾ ಏನ್ ಮಾಡ್ಲಿ? ಬಿಚ್ಚೂ ಹಂಗೂ ಇಲ್ಲ."

ಹಟ ಹಿಡಿದು ಕೆಡಿಸಿದ್ದರೆ ಕುದುರೆಮನೆಯವ್ವ ತಪ್ಪನ್ನು ಊರ ಮೇಲೆ ಹಾಕಬಹುದಿತ್ತು. ಹಟ ಬಿಟ್ಟು ಕೆಡಿಸಿದ್ದಕ್ಕೆ ಯಾರನ್ನು ಬೈಯುವುದು? ಅವಳು ಅಲ್ಲೇ ನೆಲದ ಮೇಲೆ ಕೂತಳು. ಕೂತ ಜಾಗದಿಂದ ಮಗಳ ಪಾದ ಕಂಡಿತು. ಪಾದ ನಡೆಯುತ್ತಿತ್ತು.

ಮಗಳು ಕೌದಿಗಳ ಸುತ್ತ ನಡೆದಳು. ನಿಧಾನವಾಗಿ, ಹುಡುಗಿಯ ಕಡೆಯಿಂದ ಕುದುರೆಯ ಕಡೆಗೆ, ಕುದುರೆಯ ಕಡೆಯಿಂದ ಹುಡುಗಿಯ ಕಡೆಗೆ. ಆಮೇಲೆ ಕೂತು, ಎರಡೂ ಅರ್ಧ ತಾಗುವ ಗೆರೆಯ ಮೇಲೆ ಕೈ ಇಟ್ಟಳು.

"ಯಜ್ಜಾ, ಇಬ್ಬರೂ ಒಂದ ಕಡೆ ನೋಡಾಕತ್ತಾರ."

"ಎಲ್ಲಿ?"

"ಇಲ್ಲೆ. ನಡುವ."

"ನಡುವ ಏನೈತಿ? ಏನಿಲ್ಲ."

"ದಂಡಿ ಐತಿ ಅಂದ ಮ್ಯಾಲ ನದಿ ಇರಬೇಕಲ್ಲ," ಅಂದ ಮದುಮಗ. ಅಲ್ಲಿಯ ತನಕ ಬಾಯಿ ಬಿಡದವನು ಈಗ ಬಂದು ಕುದುರೆಯ ಅರ್ಧವನ್ನು ಹಿಡಿದು ಒಂದು ಮೊಳದಷ್ಟು ಆಚೆ ಎಳೆದ. ಮಗಳು ಹುಡುಗಿಯ ಅರ್ಧವನ್ನು ಈಚೆ ಎಳೆದಳು. ನಡುವೆ ಚಾವಡಿಯ ನೆಲ ಕಂಡಿತು. "ನೀರಿನ್ಯಾಗ ನೆಳ್ಳು ಬೀಳ್ತೈತಿ, ಯಜ್ಜಾ. ಆಕೀ ನೀರು ನೋಡಿದ್ರ ಅಂವ ಕಾಣ್ತಾನ. ಅಂವ ನೋಡಿದ್ರ ಆಕೀ ಕಾಣ್ತಾಳ."

ಕಾವಲಜ್ಜ ಮತ್ತೆ ಬಗ್ಗಿದ. ಒಂದು ಬೆರಳು ಹುಡುಗಿಯ ಕಣ್ಣಿನಿಂದ ಇಳಿಯಿತು. ಇನ್ನೊಂದು ಬೆರಳು ಕುದುರೆಯವನ ಕಣ್ಣಿನಿಂದ ಇಳಿಯಿತು. ಎರಡೂ ಬರಿನೆಲದ ಮೇಲೆ ಒಂದಕ್ಕೊಂದು ತಾಗಿದವು.

"ನೋಟ ಕೂಡಬೇಕು ಅಂತೈತಿ ಪದ್ಧತಿ," ಅಂದ ಅಜ್ಜ ಬೆರಳು ಅಲ್ಲೇ ಇಟ್ಟುಕೊಂಡು. "ಎಲ್ಲಿ ಕೂಡಬೇಕು ಅಂತ ಯಾರೂ ಹೇಳಿಲ್ಲ. ಕೂಡ್ಯಾವ. ನದಿ ತರ್ರಿ."

ನದಿಯನ್ನು ಎಲ್ಲಿಂದ ತರುವುದು? ಕೌದಿಗೆ ಹೊಸ ಬಟ್ಟೆ ಹಾಕುವಂತಿಲ್ಲ, ಉಟ್ಟು ಮೆತ್ತಗಾದದ್ದೇ ಆಗಬೇಕು. ಎಲ್ಲರೂ ಸುತ್ತ ನೋಡಿದರು. ಕುದುರೆಮನೆಯವ್ವ ತನ್ನ ಮೈ ನೋಡಿಕೊಂಡಳು. ಅವಳು ಅಂದು ಉಟ್ಟಿದ್ದು ಒಗೆದೂ ಒಗೆದೂ ಮೆತ್ತಗಾದ ನೀಲಿ ಸೀರೆ. ಎದ್ದು ನಿಂತು ಸೆರಗು ಹಿಡಿದು ಎಳೆದಳು. ಹಳೆಯ ಸೀರೆ, ಆದರೂ ಒಬ್ಬಳ ಕೈಗೆ ಹರಿಯಲಿಲ್ಲ.

"ಹಿಡಿ ಬಾರಬೇ, ಏನ್ ನೋಡ್ಕೋತ ನಿಂತಿ!" ಅಂದಳು.

ದೋಣಿಮನೆಯವ್ವ ಬಂದು ಇನ್ನೊಂದು ತುದಿ ಹಿಡಿದಳು. ಒಬ್ಬಳು ಅತ್ತ ಎಳೆದಳು, ಒಬ್ಬಳು ಇತ್ತ ಎಳೆದಳು. ಲಂಗದ ಕಾಲದಿಂದ ಅದನ್ನೇ ಮಾಡಿದವರು, ಅಭ್ಯಾಸವಿತ್ತು. ಸರ್ರನೆ ಸೆರಗು ಹರಿಯಿತು. ಅವ್ವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ದೋಣಿಮನೆಯವ್ವ ತನ್ನ ಸೆರಗನ್ನೇ ಅವಳ ಹೆಗಲ ಮೇಲೂ ಎಳೆದು ಹೊದಿಸಿದಳು. ಇಬ್ಬರೂ ಒಂದೇ ಸೆರಗಿನೊಳಗೆ ನಿಂತರು.

ನದಿಯನ್ನು ಮಕ್ಕಳೇ ಹೊಲಿದರು. ಅವಳು ಒಂದು ದಂಡೆಯಿಂದ, ಅವನು ಇನ್ನೊಂದು ದಂಡೆಯಿಂದ. ಅವನ ಹೊಲಿಗೆ ಸೊಟ್ಟ, ಆದರೆ ನೀರು ನೆಟ್ಟಗೆ ಹರಿಯುತ್ತದೆಯೇನು? ಮೂಲೆ ಮುಚ್ಚುವ ಮುಂಚೆ ಕೌದಿ ಹಸಿದಿರಬಾರದೆಂದು ಹೋಳಿಗೆಯ ಒಂದು ಚೂರನ್ನು ಒಳಗಿಟ್ಟು ಹೊಲಿದರು. ಕುದುರೆಯವರು "ಸಿಂಬಿ ತಪ್ಪು" ಅಂದರು. ದೋಣಿಯವರು "ಕುದುರೆ ತಪ್ಪು" ಅಂದರು. ಇಬ್ಬರೂ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂತು ಅದನ್ನೇ ಅಂದರು, ಅನ್ನುತ್ತಲೇ ಮತ್ತೊಂದು ಹೋಳಿಗೆ ಹಾಕಿಸಿಕೊಂಡರು.

ಮದುವೆಯಾದ ಮರುದಿನ ಬೆಳಿಗ್ಗೆ ಊರಿಗೆ ಊರೇ ಗಂಡಿನ ಮನೆಯ ಮುಂದೆ ನೆರೆಯಿತು. ಹಿಂದೆ ಯಾರೂ ಹೊಲಿಯದ ಕೌದಿ, ಹಿಂದೆ ಯಾರೂ ಕಾಣದ ಕನಸು. ಮಕ್ಕಳು ಬಾಗಿಲು ತೆರೆದು ಬಂದರು. ಏನು ಕಂಡಿರಿ ಅಂತ ಎಷ್ಟು ಕೇಳಿದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರೇ ಹೊರತು ತುಟಿ ಬಿಚ್ಚಲಿಲ್ಲ. ಮಗಳು ಕೌದಿಯನ್ನು ತಂದು ಅಂಗಳದ ಗೋಡೆಯ ಮೇಲೆ ಹರವಿದಳು. ನದಿಯ ಭಾಗ ಒದ್ದೆಯಾಗಿತ್ತು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿ, ನೋಡಿ, ಕೆಲಸವಿದ್ದವರು ಕೆಲಸಕ್ಕೆ ಹೋದರು. ಬೀಗತಿಯರಿಬ್ಬರೇ ಕೌದಿಯ ಕೆಳಗಿನ ಕಟ್ಟೆಯ ಮೇಲೆ ಉಳಿದರು. ಎಲೆ ಅಡಿಕೆಯ ಚೀಲ ಬಿಚ್ಚಿದರು.

"ಬೀಗ್ತಿ," ಅಂದಳು ಕುದುರೆಮನೆಯವ್ವ ಎಲೆಗೆ ಸುಣ್ಣ ಹಚ್ಚುತ್ತಾ. "ಯಾರ ಮುಂದೂ ಹೇಳಬ್ಯಾಡ. ಹೊಲಿಯೂವಾಗ ನನಗ ಜೋಂಪು ಹತ್ತಿತ್ತು. ಅವನ ಕೈ ಕಂಡೆ. ಸಿಂಬಿ ಇಡೂ ಕೈ. ಅಂಥಾ ಮನಶ್ಯಾನ್ನ ಬಿಟ್ಟು ಆ ಹುಡುಗಿ ಕುದುರಿ ಹಿಂದ ಹೆಂಗ ಹೋದಳಬೇ?"

ದೋಣಿಮನೆಯವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. "ಏನಂತ ಮಾತಾಡ್ತಿ? ನನಗೂ ಜೋಂಪು ಹತ್ತಿತ್ತು. ಅಂವ ಬೇರು ಹಿಡಕೊಂಡು ಬೆಟ್ಟ ಇಳದು ಬರೂದು ಕಂಡೆ. ಕುದುರಿ ಬಾಯಾಗ ನೊರಿ. ಅಂವ ನೀರ ಸೈತ ಕುಡದಿರಲಿಲ್ಲ. ಹಾರ ಅವಗ ಸಲ್ಲಬೇಕು. ಹಿರೇಜ್ಜಿ ಸುಮ್ಮನ ಹೊಲದಿಲ್ಲ."

"ಅಜ್ಜಿಗೇನ್ ತಿಳೀತಿತ್ತು! ಎರಡೆಳಿ ದಾರ ನೀನ ತೋರಿಸಿದ್ದಲ್ಲ?"

"ದಾರ ತೆಳ್ಳಗಿತ್ತು, ನೀನ ಹೇಳಿದ್ದಲ್ಲ?"

ಕೌದಿಯಿಂದ ಒಂದು ಹನಿ ಇವಳ ಮೇಲೆ ಬಿತ್ತು, ಒಂದು ಹನಿ ಅವಳ ಮೇಲೆ ಬಿತ್ತು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಕುದುರೆಮನೆಯವ್ವ ಮನೆಗೆ ಹೊರಟಳು. ಕಂಕುಳಲ್ಲಿ ದೋಣಿಮನೆಯ ಹಳೆಯ ಕೌದಿ ಇತ್ತು, ಒಗೆಯಲು ಒಯ್ಯುವವಳ ಹಾಗೆ ಮಡಚಿ ಹಿಡಿದಿದ್ದಳು. ಹಿಂದೆಯೇ ದೋಣಿಮನೆಯವ್ವನೂ ಬಂದು, ಇವಳ ಹಿತ್ತಲ ಬಾಗಿಲಲ್ಲಿ ನಿಂತು, ಇವಳ ಕೌದಿಯನ್ನು ಈಸಿಕೊಂಡಳು.

"ಒಂದ ನಿದ್ದಿ ಅಷ್ಟ," ಅಂದಳು. "ಸಂಜಿಗೆ ವಾಪಸ್ ಕೊಡ್ತೀನಿ. ನಮ್ಮವರು ನೋಡಿದ್ರ ಬಾವಿಕಟ್ಟಿ ಮ್ಯಾಲ ನಿಂತ್ಕೊಳ್ಳಾಕ ಬಿಡೂದಿಲ್ಲ."

"ನಂದೂ ಅಷ್ಟ. ಸಂಜಿಗೆ," ಅಂದಳು ಕುದುರೆಮನೆಯವ್ವ.

ಬಾಗಿಲು ಮುಂದೆ ಮಾಡಿ, ನೆಲದ ಮೇಲೆ ಅಡ್ಡಾಗಿ, ಅವಳು ದೋಣಿಮನೆಯ ಕೌದಿಯನ್ನು ಕೊರಳ ತನಕ ಎಳೆದುಕೊಂಡಳು. ಅದರಲ್ಲಿ ಬೇರೆ ಮನೆಯ ಸಾಬೂನಿನ ವಾಸನೆ ಇತ್ತು, ಬೇರೆ ಮನೆಯ ಒಗ್ಗರಣೆಯ ವಾಸನೆ ಇತ್ತು. ಕಣ್ಣು ಮುಚ್ಚಿದಳು. ತಲೆಯ ಮೇಲೆ ಕೊಡ ಬಂತು. ಕೆಳಗೆ ನೀರಿನಲ್ಲಿ ಹುಟ್ಟಿನ ಸದ್ದು ಬಂತು. ಈ ಸಲ ಕೈಯ ಹಿಂದೆ ಮುಖವೂ ಇತ್ತು.

ಸಂಜೆಯಾಯಿತು. ಎಷ್ಟೋ ಸಂಜೆಗಳಾದವು. ಬಾವಿಕಟ್ಟೆಯ ಮೇಲೆ ಇಬ್ಬರೂ ಮೊದಲಿನ ಹಾಗೇ ಜಗಳ ಆಡುತ್ತಾರೆ, ಮೊದಲಿಗಿಂತ ಜೋರಾಗಿಯೇ ಆಡುತ್ತಾರೆ. ಊರವರ ಮುಂದೆ ತಮ್ಮ ತಮ್ಮ ಹಳೆಯ ಮಾತನ್ನೇ ಆಡುತ್ತಾರೆ. ಕೌದಿಗಳು ಮಾತ್ರ ಇನ್ನೂ ವಾಪಸ್ ಬಂದಿಲ್ಲ, ಕೇಳಿದವರೂ ಇಲ್ಲ.